ಇಳಿಯದ ಗೆರೆ

ಎದುರಿಗೆ ಕೂತು "ಮೇಡಂ, ನಿಮ್ಮ ಸರ್ವೀಸಿನ ಅನುಭವ ಸ್ವಲ್ಪ ಹೇಳಿ" ಎಂದು ಯಾರಾದರೂ ಕೇಳಿದರೆ ನನಗೆ ಬಾಯಿ ಕಟ್ಟಿಹೋಗುತ್ತದೆ. ಕಾಫಿ ಕುಡಿಸಿ, ಅದೂ ಇದೂ ಮಾತಾಡಿ ಕಳಿಸಿಬಿಡುತ್ತೇನೆ. ಅವರು ಗೇಟು ದಾಟಿದ ಮೇಲೆ ಹೇಳಬೇಕಾಗಿದ್ದುದೆಲ್ಲ ಒಂದೊಂದಾಗಿ ನೆನಪಾಗುತ್ತದೆ. ಭೌತಶಾಸ್ತ್ರ ಕಲಿಸಲು ಈಗಷ್ಟೇ ಕೆಲಸಕ್ಕೆ ಸೇರುತ್ತಿರುವ ನಿಮ್ಮಂಥವರಿಗೆ ಅದರಲ್ಲಿ ಏನಾದರೂ ಉಪಯೋಗಕ್ಕೆ ಬಂದೀತು ಎಂದು ಈಗ ಬರೆದಿಡುತ್ತಿದ್ದೇನೆ. ನಾನು ಯಾವ ವರ್ಷ ಸೇರಿದೆ, ಯಾವಾಗ ಬಡ್ತಿ ಬಂತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಓದಿ ಉದ್ಧಾರವಾದವರನ್ನು ನಾನಂತೂ ಕಂಡಿಲ್ಲ.

ನಮ್ಮದು ಕಾಫಿ ಸೀಮೆಯ ಸಣ್ಣ ಡಿಗ್ರಿ ಕಾಲೇಜು. ಆಲ್ದೂರಿನ ಕಡೆಯಿಂದ, ಬಾಳೂರಿನ ಕಡೆಯಿಂದ, ಒಮ್ಮೊಮ್ಮೆ ಕಳಸದ ಆಚೆಯಿಂದಲೂ ಮಕ್ಕಳು ಬರುತ್ತಿದ್ದರು. ಬಸ್ಸು ತಪ್ಪಿದರೆ ಯಾವುದಾದರೂ ಎಸ್ಟೇಟಿನ ಜೀಪು, ಅದೂ ಸಿಗದಿದ್ದರೆ ರಜೆ. ವಿಜ್ಞಾನಕ್ಕೆ ಬರುವವರೇ ಕಡಿಮೆ, ಅದರಲ್ಲೂ ಭೌತಶಾಸ್ತ್ರ ಎಂದರೆ ಇನ್ನೂ ಕಡಿಮೆ. ಇದರಿಂದ ಒಂದು ಲಾಭವಿತ್ತು. ಪ್ರತಿಯೊಬ್ಬರ ಹೆಸರು, ಊರು, ಮನೆಯವರ ಮಂಡಿನೋವು ಸಮೇತ ನಮಗೆ ಗೊತ್ತಿರುತ್ತಿತ್ತು.

ನಾನು ಸೇರಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರು ಶ್ರೀಕಂಠಯ್ಯನವರು. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಮಾತಿನಲ್ಲಿ ಸದಾ ಒಂದು ಚೂರು ಕೀಟಲೆ. ಲೋಲಕವನ್ನು ತೂಗಿಸಿ ಗುರುತ್ವದ ಬೆಲೆ ಕಂಡುಹಿಡಿಯುವ ಪ್ರಯೋಗ ನಿಮಗೂ ಗೊತ್ತು. ಉತ್ತರ ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಮಕ್ಕಳು ಆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದು ಅಳತೆ ಬರೆಯುತ್ತಾರೆ. ನಮ್ಮ ಲ್ಯಾಬಿನ ಭಾಷೆಯಲ್ಲಿ ಅದಕ್ಕೆ 'ಅಡ್ಜಸ್ಟ್ ಮಾಡೋದು' ಎಂದು ಹೆಸರು. ಒಂದು ಸಲ ಹುಡುಗಿಯೊಬ್ಬಳು ಕೊನೆಯ ಅಂಕಿಯವರೆಗೂ ಪುಸ್ತಕದ ಉತ್ತರವನ್ನೇ ತಂದು ತೋರಿಸಿದಳು. ಶ್ರೀಕಂಠಯ್ಯನವರು ಕನ್ನಡಕ ಸರಿಸಿ ನೋಡಿ, "ಎಂತ ಮಾರಾಯ್ತಿ, ಭೂಮಿ ತಾಯಿ ನಿನ್ನ ಕಿವೀಲಿ ಬಂದು ಹೇಳಿದ್ಲಾ? ಹೋಗು, ಸ್ವಲ್ಪ ತಪ್ಪು ಮಾಡ್ಕೊಂಡು ಬಾ" ಎಂದರು. ಇಡೀ ಲ್ಯಾಬು ಬಿದ್ದು ಬಿದ್ದು ನಕ್ಕಿತು, ಆ ಹುಡುಗಿಯೂ ನಕ್ಕಳು.

ಆಮೇಲೆ ಸ್ಟಾಫ್ ರೂಮಿನಲ್ಲಿ ನಾನು, "ಇವಕ್ಕೆ ಸ್ವಲ್ಪ ಬಿಸಿ ಮುಟ್ಟಿಸ್ಬೇಕು ಸಾರ್" ಎಂದೆ. ಹೊಸದಾಗಿ ಕೆಲಸಕ್ಕೆ ಸೇರಿದವಳ ಉಮೇದು ಅದು. ಅವರು ಟಿಫಿನ್ ಡಬ್ಬಿ ಮುಚ್ಚುತ್ತ, "ಬೈಬೇಡಿ ಕಣಮ್ಮ. ಮೋಸ ಮಾಡೋಕೆ ಅಂತ ಮಾಡಲ್ಲ ಅವು, ಹೆದರಿಕೆಗೆ ಮಾಡ್ತವೆ. ಯಾರ ಹೆದರಿಕೆ ಅಂತ ಒಂದು ಸಲ ಕೇಳಿ ನೋಡಿ" ಎಂದರು. ಆ ಮಾತು ನನಗೆ ಅಷ್ಟಾಗಿ ಹತ್ತಲಿಲ್ಲ. ಅವರು ನಿವೃತ್ತರಾಗಿ ಹೋದರು, ಲ್ಯಾಬಿಗೆ ಕಂಪ್ಯೂಟರ್ ಬಂತು, ಲಾಗ್ ಟೇಬಲ್ ಅಟ್ಟ ಸೇರಿತು, ಅಡ್ಜಸ್ಟ್ ಮಾಡುವುದು ಮಾತ್ರ ಹಾಗೇ ಉಳಿಯಿತು.

ಸರ್ವೀಸಿನ ಕೊನೆಯ ಭಾಗದಲ್ಲಿ ಖಗೋಳದ ಒಂದು ಪತ್ರಿಕೆ ಸಿಲಬಸ್ಸಿಗೆ ಬಂತು. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಸುರುಳಿ ಗ್ಯಾಲಕ್ಸಿಗಳ ತಿರುಗುವಿಕೆ. ಎಷ್ಟು ಸಲ ಪಾಠ ಮಾಡಿದರೂ ನನಗೆ ಬೇಸರ ಬಾರದ ವಿಷಯ ಅದೊಂದೇ. ಸೂರ್ಯನಿಗೆ ಹತ್ತಿರದ ಬುಧ ಓಡುತ್ತಾನೆ, ದೂರದ ಶನಿ ನಿಧಾನವಾಗಿ ಸಾಗುತ್ತಾನೆ. ದೂರ ಹೋದಷ್ಟೂ ಸೆಳೆತ ಕಡಿಮೆ, ವೇಗವೂ ಕಡಿಮೆ. ಗ್ಯಾಲಕ್ಸಿಯಲ್ಲಿ ಬೆಳಕೆಲ್ಲ ನಡುಭಾಗದಲ್ಲೇ ದಟ್ಟವಾಗಿರುವುದರಿಂದ ಅಂಚಿನ ನಕ್ಷತ್ರ, ಅನಿಲಗಳೂ ನಿಧಾನವಾಗಿ ಸುತ್ತಬೇಕು. ದೂರವನ್ನೂ ವೇಗವನ್ನೂ ಗ್ರಾಫಿನಲ್ಲಿ ಗುರುತಿಸಿದರೆ ಗೆರೆ ಅಂಚಿನ ಕಡೆಗೆ ಇಳಿಯುತ್ತ ಹೋಗಬೇಕು. ಅಳೆದು ನೋಡಿದರೆ ಅದು ಇಳಿಯಲಿಲ್ಲ. ಒಂದಾದ ಮೇಲೊಂದು ಗ್ಯಾಲಕ್ಸಿಯನ್ನು ಅಳೆದರು, ಗೆರೆ ಮಟ್ಟಸವಾಗಿಯೇ ಸಾಗಿತು. ಅಳೆದವರ ಮಾತನ್ನು ಉಳಿದವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ.

ನಮ್ಮ ಮಕ್ಕಳಿಗೆ ನಾನು ಜೀಪಿನ ಉದಾಹರಣೆ ಕೊಡುತ್ತಿದ್ದೆ. ಬಾಳೂರಿನ ಇಳಿಜಾರಿನ ತಿರುವಿನಲ್ಲಿ ಜೀಪು ಅಷ್ಟು ಜೋರಾಗಿ ಹೋಗಿಯೂ ಹಳ್ಳಕ್ಕೆ ಹಾರಲಿಲ್ಲ ಎಂದರೆ ಟಯರನ್ನು ರಸ್ತೆ ಗಟ್ಟಿಯಾಗಿ ಹಿಡಿದಿದೆ ಎಂದರ್ಥ. ಅಂಚಿನ ಅನಿಲ ಅಷ್ಟು ಜೋರಾಗಿ ಸುತ್ತಿಯೂ ಚದುರಿ ಹೋಗದಿದ್ದರೆ ಅದನ್ನು ಹಿಡಿದಿಡುವಷ್ಟು ದ್ರವ್ಯ ಅಲ್ಲಿ ಇರಬೇಕು. ಕಾಣುವ ನಕ್ಷತ್ರಗಳನ್ನೂ ಅನಿಲವನ್ನೂ ಒಟ್ಟು ಸೇರಿಸಿದರೂ ಅಷ್ಟು ತೂಕ ಬರುವುದಿಲ್ಲ. ಕಾಣದೆ ಇರುವ ಇನ್ನೇನೋ ಇದೆ. ಅದು ಏನೆಂದು ಈವರೆಗೆ ಯಾರ ಕೈಗೂ ಸಿಕ್ಕಿಲ್ಲ, ಗುರುತ್ವದ ನಿಯಮವನ್ನೇ ತಿದ್ದಬೇಕು ಎನ್ನುವವರೂ ಇದ್ದಾರೆ ಎಂದು ಹೇಳಿ ಪಾಠ ಮುಗಿಸುತ್ತಿದ್ದೆ. "ಅಷ್ಟು ಜೋರಾಗಿ ಹೊಡಿಯೋ ಡ್ರೈವರ್ ಯಾರು ಮೇಡಂ?" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತಿತ್ತು. ಪ್ರತಿ ವರ್ಷವೂ ಯಾರಾದರೊಬ್ಬರು ಇದನ್ನು ಕೇಳುತ್ತಿದ್ದರು, ಪ್ರತಿ ವರ್ಷವೂ ನಾನು ನಗುತ್ತಿದ್ದೆ.

ಈ ಪಾಠ ಮಾಡಿದ ಮೊದಲ ವರ್ಷ ನೋಟ್ಸಿನಲ್ಲಿ ಅದನ್ನು 'ಕಪ್ಪು ದ್ರವ್ಯ' ಎಂದು ಬರೆಸಿದ್ದೆ. ಪುಸ್ತಕದಲ್ಲಿದ್ದ ಮಾತು ಅದೇ. ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಕೂತಾಗ ಒಬ್ಬ ಹುಡುಗ ಹೀಗೆ ಬರೆದಿದ್ದ: "ಕಪ್ಪು ದ್ರವ್ಯವು ಗ್ಯಾಲಕ್ಸಿಯಲ್ಲಿ ಕೆಟ್ಟುಹೋದ ಭಾಗವಾಗಿದೆ. ಇದನ್ನು ಆರಿಸಿ ತೆಗೆದರೆ ಗ್ಯಾಲಕ್ಸಿಯ ಗುಣಮಟ್ಟ ಉತ್ತಮಗೊಳ್ಳುತ್ತದೆ." ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅವನ ತಾಯಿ ಚಿಕ್ಕಮಗಳೂರಿನ ಕಡೆ ಕಾಫಿ ಕ್ಯೂರಿಂಗ್ ಕೆಲಸಕ್ಕೆ ಹೋಗುವವರು. ಅಲ್ಲಿ ಹೆಂಗಸರು ಸಾಲಾಗಿ ಕೂತು ಬೀಜದ ರಾಶಿಯಿಂದ ಕಪ್ಪಾದದ್ದನ್ನು ಆರಿಸಿ ಬೇರೆ ಹಾಕುತ್ತಾರೆ. ಹುಟ್ಟಿದಾಗಿನಿಂದ ಕಪ್ಪು ಎಂದರೆ ಕೆಟ್ಟ ಬೀಜ ಎಂದೇ ಕೇಳಿ ಬೆಳೆದ ಹುಡುಗ ಇನ್ನೇನು ಬರೆದಾನು? ತಪ್ಪು ಅವನದಲ್ಲ, ಮಾತಿನದು. ಕಪ್ಪು ಎಂದರೆ ಬೆಳಕನ್ನು ತಡೆಯಬೇಕು, ಹಿಂದಿನದನ್ನು ಮುಚ್ಚಬೇಕು. ಈ ದ್ರವ್ಯ ಬೆಳಕನ್ನು ತಡೆಯುವುದೂ ಇಲ್ಲ, ಬೀರುವುದೂ ಇಲ್ಲ. ಅದರ ಸೆಳೆತ ಒಂದೇ ನಮಗೆ ಗೊತ್ತಾಗುವುದು. ಮರುದಿನದಿಂದ ಕ್ಲಾಸಿನಲ್ಲಿ 'ಕಾಣದ ದ್ರವ್ಯ' ಎಂದು ಹೇಳತೊಡಗಿದೆ. ನೀವು ಬೇರೆ ಮಾತು ಬಳಸುವುದಾದರೆ ಬಳಸಿ, ಆದರೆ ಮೊದಲು ಆ ಮಾತಿಗೆ ನಿಮ್ಮ ಮಕ್ಕಳ ಮನೆಯಲ್ಲಿ ಏನು ಅರ್ಥ ಇದೆ ಎಂದು ವಿಚಾರಿಸಿಕೊಳ್ಳಿ.

ಇದನ್ನೆಲ್ಲ ಬರೀ ಬೋರ್ಡಿನ ಮೇಲೆ ಹೇಳಿ ಸಾಕಾಗಿತ್ತು. ನಮ್ಮ ಊರಲ್ಲಿ ದುರ್ಬೀನು ಇಟ್ಟುಕೊಂಡರೆ ವರ್ಷದ ಅರ್ಧ ಭಾಗ ಮೋಡವನ್ನೇ ನೋಡಬೇಕು. ಆದರೆ ಆಕಾಶಗಂಗೆಯಲ್ಲಿರುವ ಹೈಡ್ರೋಜನ್ ಅನಿಲ ಒಂದು ರೇಡಿಯೋ ಅಲೆಯನ್ನು ಹೊರಡಿಸುತ್ತದೆ, ಹತ್ತಿರ ಹತ್ತಿರ ಒಂದು ಗೇಣು ಉದ್ದದ್ದು. ಅನಿಲ ನಮ್ಮ ಕಡೆಗೆ ಬರುತ್ತಿದ್ದರೆ ಅಲೆ ಒಂದು ಕೂದಲೆಳೆಯಷ್ಟು ಗಿಡ್ಡವಾಗುತ್ತದೆ, ದೂರ ಸರಿಯುತ್ತಿದ್ದರೆ ಅಷ್ಟೇ ಉದ್ದವಾಗುತ್ತದೆ. ಅದರಿಂದ ವೇಗ ಲೆಕ್ಕ ಹಾಕಬಹುದು. ಮಂಜಿದ್ದರೂ ಸರಿ, ಮೋಡವಿದ್ದರೂ ಸರಿ, ನಡು ಹಗಲಾದರೂ ಸರಿ. ಈಚೆಗೆ ಕೆಲವು ಕಾಲೇಜುಗಳಲ್ಲಿ ತಗಡಿನ ದೊಡ್ಡ ಕಹಳೆಯಂಥದನ್ನು ಮಾಡಿ, ಅದಕ್ಕೊಂದು ಸಣ್ಣ ರಿಸೀವರ್ ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ಈ ಅಲೆ ಹಿಡಿಯುತ್ತಾರೆ ಎಂದು ಕೇಳಿದ್ದೆ. ನಾವೂ ಮಾಡಿಯೇಬಿಡೋಣ ಎಂದುಕೊಂಡೆ.

ಬಜಾರಿನಲ್ಲಿ ತಗಡಿನ ಕೆಲಸ ಮಾಡುವ ಬಶೀರ್ ಸಾಹೇಬರ ಅಂಗಡಿಗೆ ಚಿತ್ರ ಬರೆದುಕೊಂಡು ಹೋದೆ. ಅವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಣ್ಣು ಸುರಿಯುವ ದೊಡ್ಡ ಬಾಯಿ ಮಾಡಿ ಕೊಡುವವರು. ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದಕ್ಕೆ ಎಂತ ಸುರೀತೀರಿ ಮೇಡಂ?" ಎಂದು ಕೇಳಿದರು. "ಆಕಾಶ" ಎಂದೆ. "ಹೌದಾ? ಹಾಗಾದ್ರೆ ಸೋರದ ಹಾಗೆ ಬೆಸುಗೆ ಹಾಕ್ತೀನಿ ಬಿಡಿ" ಎಂದರು. ನಮ್ಮ ಮಕ್ಕಳು ಅದನ್ನು ಹೊತ್ತು ತಂದು ಕಾಲೇಜಿನ ತಾರಸಿಯ ಮೇಲೆ ನಿಲ್ಲಿಸಿದಾಗ ಪ್ರಿನ್ಸಿಪಾಲರು ಕೆಳಗಿನಿಂದ ತಲೆಯೆತ್ತಿ, "ಅಲ್ಲಿ ಯಾರದಾದ್ರೂ ಮದುವೆ ಉಂಟಾ?" ಎಂದು ಕೂಗಿದರು.

ಮೊದಲ ದಿನವೇ ಒಂದು ಭಾರೀ ಸಂಶೋಧನೆ ನಡೆದುಹೋಯಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಗಡಿಯಾರದ ಹಾಗೆ ಟಿಕ್ ಟಿಕ್ ಎಂದು ಒಂದೇ ಸಮನೆ ಮಿಡಿತ ಬರತೊಡಗಿತು. ಹುಡುಗರು ಕುಣಿದಾಡಿಬಿಟ್ಟರು. "ಪಲ್ಸಾರ್ ಮೇಡಂ, ಪಲ್ಸಾರ್! ನಕ್ಷತ್ರ ಮಿಡೀತಿದೆ!" ಒಬ್ಬ ಕ್ಯಾಂಟೀನಿಗೆ ಓಡಿ ಎಲ್ಲರಿಗೂ ಬೋಂಡ ತಂದ. ನನಗೂ ಒಂದು ಗಳಿಗೆ ಎದೆ ಹಾರಿದ್ದು ಸುಳ್ಳಲ್ಲ. ಎಲ್ಲರೂ ಬೋಂಡ ತಿನ್ನುತ್ತಿದ್ದಾಗ ಒಬ್ಬ ಹುಡುಗಿ ಮಾತ್ರ ಕಹಳೆಯನ್ನು ಮೆಲ್ಲಗೆ ನೆಲದ ಕಡೆಗೆ ಬಗ್ಗಿಸಿ ನೋಡಿದಳು. ಮಿಡಿತ ಹಾಗೇ ಬರುತ್ತಿತ್ತು. ಅವಳು ನನ್ನ ಹತ್ತಿರ ಬಂದು, ತಾನೇ ಏನೋ ಮುರಿದು ಹಾಕಿದವಳಂತೆ, "ಇದು ಆಕಾಶದ್ದಲ್ಲ ಅನ್ಸುತ್ತೆ ಮೇಡಂ" ಎಂದು ಪಿಸುಗುಟ್ಟಿದಳು. ಪಕ್ಕದ ತೋಟದವರು ಆನೆ ಬಾರದಿರಲೆಂದು ಹಾಕಿದ್ದ ಸೋಲಾರ್ ಬೇಲಿಯದು ಅದು. ತಂತಿಗೆ ಬಳ್ಳಿ ಹಬ್ಬಿ ಪ್ರತಿ ಮಿಡಿತಕ್ಕೂ ಕಿಡಿ ಹಾರುತ್ತಿತ್ತು. ತೋಟದವರು ಬಳ್ಳಿ ಕಡಿಸಿದರು, ನಮ್ಮ ನಕ್ಷತ್ರ ಮಿಡಿಯುವುದನ್ನು ನಿಲ್ಲಿಸಿತು.

ಆ ಹುಡುಗಿ ಪವಿತ್ರ. ಬಾಳೂರಿನ ಕಡೆಯವಳು. ಅವಳ ತಂದೆ ಪುಟ್ಟಸ್ವಾಮಿ ಅಲ್ಲಿನ ಒಂದು ಎಸ್ಟೇಟಿನಲ್ಲಿ ರೈಟರ್, ಎಂದರೆ ಆಳುಗಳ ಹಾಜರಿ, ತೂಕ, ಗೊಬ್ಬರ ಎಲ್ಲವನ್ನೂ ನೋಡಿಕೊಳ್ಳುವವರು. ಕಣ್ಣು ಇಷ್ಟು ಚುರುಕಾದ ಹುಡುಗಿ ಕಂಡದ್ದನ್ನು ಹೇಳುವಾಗ ಯಾಕೆ ದನಿ ತಗ್ಗಿಸುತ್ತಾಳೆ ಎಂದು ನನಗೆ ಆಗಲೇ ಅನ್ನಿಸಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಆಕಾಶಗಂಗೆಯ ತಿರುಗುವಿಕೆಯನ್ನೇ ಆರಿಸಿಕೊಂಡಳು. ಬೇರೆ ಬೇರೆ ದಿಕ್ಕಿಗೆ ಕಹಳೆ ತಿರುಗಿಸಿ, ಪ್ರತಿ ದಿಕ್ಕಿನಲ್ಲೂ ಅತಿ ವೇಗದ ಅನಿಲ ಯಾವುದೆಂದು ನೋಡಿದರೆ ಅದು ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಲೆಕ್ಕ ಹಾಕಬಹುದು. ನಮ್ಮ ತಗಡಿಗೆ ದಕ್ಕುವುದು ಕೇಂದ್ರದ ಆಸುಪಾಸಿನಿಂದ ಸೂರ್ಯ ಇರುವ ದೂರದವರೆಗೆ ಮಾತ್ರ, ಅದರಾಚೆಗಿನದು ದೊಡ್ಡ ದೊಡ್ಡ ಉಪಕರಣಗಳ ಕೆಲಸ. ಆದರೆ ಅಷ್ಟರೊಳಗೇ ಗೆರೆ ಇಳಿಯದಿರುವುದು ಕಾಣಬೇಕು. "ಒಂದೇ ದಿಕ್ಕನ್ನ ಮತ್ತೆ ಮತ್ತೆ ಅಳೆ. ಒಂದು ಸಲ ಅಳೆದಿದ್ದನ್ನ ನಾನು ನಂಬಲ್ಲ" ಎಂದು ಹೇಳಿದ್ದೆ. ಜನವರಿಯಿಂದ ಮಾರ್ಚಿನವರೆಗೆ ಬಿಡುವು ಸಿಕ್ಕಾಗಲೆಲ್ಲ ಅವಳು ತಾರಸಿ ಹತ್ತಿದಳು. ಕಾಫಿ ಹೂ ಅರಳಿಸುವ ಹೂಮಳೆ ಬಂದು ಊರೆಲ್ಲ ಸಂಭ್ರಮ ಪಡುತ್ತಿದ್ದಾಗ ಕಹಳೆಯ ಮೇಲೆ ಟಾರ್ಪಾಲು ಎಳೆಯಲು ಓಡಿದವಳು ಊರಿಗೆಲ್ಲ ಅವಳೊಬ್ಬಳೇ ಇರಬೇಕು.

ಏಪ್ರಿಲ್‌ನಲ್ಲಿ ಗ್ರಾಫ್ ತಂದು ನನ್ನ ಮೇಜಿನ ಮೇಲಿಟ್ಟಳು. ಗೆರೆ ಮಟ್ಟಸವಾಗಿತ್ತು, ಪುಸ್ತಕದಲ್ಲಿರುವ ಹಾಗೇ. ಜನವರಿಯಲ್ಲಿ ಅಳೆದದ್ದೂ ಮಾರ್ಚಿನಲ್ಲಿ ಅಳೆದದ್ದೂ ಪ್ರತಿ ದಿಕ್ಕಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಬಶೀರ್ ಸಾಹೇಬರ ತಗಡಿಗೆ ಇಷ್ಟು ನಿಖರತೆ ಎಲ್ಲಿಂದ ಬರಬೇಕು? ಶ್ರೀಕಂಠಯ್ಯನವರ ಕೀಟಲೆಯ ಮಾತು ನನ್ನ ನಾಲಗೆಯ ತುದಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಉಳಿದವರು ಬಸ್ಸಿಗೆ ಹೊರಡುವವರೆಗೆ ಕಾದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಪವಿತ್ರಾ, ಇದು ಅಳೆದಿದ್ದಾ, ಬರೆದಿದ್ದಾ?"

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಅಳೆದಿದ್ದು ಬೇರೆ ಇದೆ ಮೇಡಂ. ಒಂದಕ್ಕೊಂದು ತಾಳೆನೇ ಆಗ್ಲಿಲ್ಲ. ಅದಕ್ಕೆ ಮೊದಲನೇ ಸಲ ಬಂದಿದ್ದಕ್ಕೆ ಹೊಂದಿಸಿ ಬರ್ದೆ" ಎಂದಳು.

"ಮಾರ್ಕ್ಸ್ ಹೋಗುತ್ತೆ ಅಂತ ಹೆದರಿಕೆನಾ?"

"ಮಾರ್ಕ್ಸ್ ಅಲ್ಲ ಮೇಡಂ. ಬಾಕಿಯವ್ರ ಹಾಗೆ ಇಲ್ಲದೇ ಇರೋದನ್ನ ಹೇಳಿದ್ರೆ ಯಾರು ನಂಬ್ತಾರೆ?" ಎಂದವಳು ಗ್ರಾಫನ್ನು ತನ್ನ ಕಡೆಗೆ ಎಳೆದುಕೊಂಡು, "ನಮ್ಮಪ್ಪನೂ ಹೀಗೇ ಮಾಡೋದು" ಎಂದಳು.

ನಮ್ಮ ಕಡೆ ಪ್ರತಿ ಎಸ್ಟೇಟಿನಲ್ಲೂ ಮಳೆ ಅಳೆಯುವ ಗೇಜು ಇರುತ್ತದೆ. ಬೆಳಿಗ್ಗೆ ರೈಟರ್ ಹೋಗಿ ನೋಡಿ, ಇಷ್ಟು ಇಂಚು, ಅದರ ನೂರನೇ ಪಾಲಿನ ಲೆಕ್ಕದಲ್ಲಿ ಇಷ್ಟು ಸೆಂಟ್ಸ್ ಎಂದು ಯಜಮಾನರಿಗೆ ಹೇಳಬೇಕು. ಇಬ್ಬರು ಬೆಳೆಗಾರರು ಎದುರಾದರೆ ಕ್ಷೇಮ ಸಮಾಚಾರಕ್ಕೂ ಮೊದಲು ಕೇಳಿಕೊಳ್ಳುವುದು ನಿಮ್ಮಲ್ಲಿ ಎಷ್ಟು ಸೆಂಟ್ಸ್ ಆಯಿತು ಎಂದೇ. ಪವಿತ್ರ ಇನ್ನೂ ಶಾಲೆಯಲ್ಲಿದ್ದಾಗ ಒಂದು ಸಂಜೆ ಅವರ ಗುಡ್ಡದ ಮೇಲೆ ಮಾತ್ರ ಹುಚ್ಚು ಮಳೆ ಹೊಯ್ದಿತು. ಪುಟ್ಟಸ್ವಾಮಿಯವರು ಗೇಜಿನಲ್ಲಿ ಇದ್ದಷ್ಟನ್ನೇ ಹೇಳಿದರು. ಅಕ್ಕಪಕ್ಕದ ತೋಟಗಳಲ್ಲಿ ನೆಲವೂ ಸರಿಯಾಗಿ ನೆನೆದಿರಲಿಲ್ಲ. ಯಜಮಾನರು ಆಳುಗಳೆಲ್ಲ ನಿಂತಿದ್ದ ಕಣದಲ್ಲೇ, "ಎಂತ ಪುಟ್ಟಸ್ವಾಮಿ, ಗೇಜಿಗೆ ನೀರು ನೀನೇ ಹುಯ್ದ್ಯಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ಯಜಮಾನರು ಕೆಟ್ಟವರೇನಲ್ಲ, ತಮಾಷೆಗೆ ಅಂದದ್ದು, ಅರ್ಧ ಗಂಟೆಯಲ್ಲಿ ಮರೆತೂ ಇರಬಹುದು. ಮನೆಗೆ ಬಂದ ಪುಟ್ಟಸ್ವಾಮಿ ಮಾತ್ರ ಆ ದಿನ ಊಟ ಮಾಡಲಿಲ್ಲ.

"ಅವತ್ತಿಂದ ಅಪ್ಪ ಅಳೀತಾರೆ ಮೇಡಂ, ಅಳೀದೆ ಇರಲ್ಲ" ಎಂದಳು ಪವಿತ್ರ. "ಆದ್ರೆ ಹೇಳೋ ಮುಂಚೆ ಪಕ್ಕದ ಎಸ್ಟೇಟ್ ರೈಟರ್‌ಗೆ ಫೋನ್ ಮಾಡಿ ಅವ್ರಲ್ಲಿ ಎಷ್ಟು ಅಂತ ಕೇಳ್ಕೊಂತಾರೆ. ಅದಕ್ಕೆ ಹತ್ರ ಹತ್ರ ಹೇಳ್ತಾರೆ."

"ಅವತ್ತು ನಿಮ್ಮಪ್ಪ ಹೇಳಿದ ಮಳೆ ನಿಜವಾಗ್ಲೂ ಬಂದಿತ್ತಾ?"

"ಬಂದಿತ್ತು ಮೇಡಂ. ಶಾಲೆಯಿಂದ ಬರೋವಾಗ ನಾನೇ ನೆಂದು ತೊಪ್ಪೆ ಆಗಿದ್ದೆ." ಅಷ್ಟು ಹೇಳಿ ಅವಳು ಅತ್ತುಬಿಟ್ಟಳು.

ನನಗೂ ಕಣ್ಣು ತುಂಬಿ ಬಂತು. ಯಾರ ಹೆದರಿಕೆ ಎಂದು ಕೇಳಿ ನೋಡಿ ಎಂದಿದ್ದರಲ್ಲ ಶ್ರೀಕಂಠಯ್ಯನವರು, ಅದರ ಅರ್ಥ ನನಗೆ ಆದದ್ದು ಆ ಮಧ್ಯಾಹ್ನ. ಆ ಗ್ರಾಫಿಗೆ ನಾನು ಸಹಿ ಹಾಕಿದ್ದರೆ ಅವಳು ಒಳ್ಳೆಯ ಮಾರ್ಕ್ಸಿನಲ್ಲೇ ಪಾಸಾಗುತ್ತಿದ್ದಳು. ಬೈದು ವಾಪಸು ಕಳಿಸಿದ್ದರೆ ಇನ್ನೊಂದು ಸಲ ಸಿಕ್ಕಿಹಾಕಿಕೊಳ್ಳದ ಹಾಗೆ ಹೊಂದಿಸುವುದನ್ನು ಕಲಿಯುತ್ತಿದ್ದಳು. ಎರಡರಲ್ಲಿ ಯಾವುದೇ ಆದರೂ ಈ ಹುಡುಗಿ ತನ್ನ ಕಣ್ಣಿಗೆ ಕಂಡದ್ದನ್ನು ತಾನು ನಂಬುವುದನ್ನು ಬಿಟ್ಟುಬಿಡುತ್ತಾಳೆ, ಜೀವನಪೂರ್ತಿ ಪಕ್ಕದ ತೋಟಕ್ಕೆ ಫೋನ್ ಮಾಡುತ್ತಲೇ ಇರುತ್ತಾಳೆ ಎಂದು ನನಗೆ ದಿಗಿಲಾಯಿತು. ಅಪ್ಪನಿಗೆ ಆದದ್ದು ಮಗಳಿಗೆ ಆಗಬಾರದಿತ್ತು.

"ಮುಖ ತೊಳ್ಕೊಂಡು ಬಾ. ನಿಜವಾಗಿ ಬಂದ ಅಂಕಿ ಲ್ಯಾಪ್‌ಟಾಪಲ್ಲಿ ಇರುತ್ತಲ್ಲ, ಒಂದು ದಿಕ್ಕಿನದ್ದು ತಗೊಂಡು ತಾರೀಕಿನ ಪ್ರಕಾರ ಬೋರ್ಡ್ ಮೇಲೆ ಬರಿ" ಎಂದೆ.

ಬರೆದಳು. ನಾನು ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಅವಳು ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತೇ ಇದ್ದಳು. ಜನವರಿಯ ಅಂಕಿ, ಫೆಬ್ರವರಿಯದು, ಮಾರ್ಚಿನದು. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓದಿದಳು.

"ಮೇಡಂ, ಇದು ಹೆಂಗಂದ್ರೆ ಹಂಗೆ ಹೋಗಿಲ್ಲ. ಒಂದೇ ಕಡೆಗೆ ಜರುಗ್ತಾ ಹೋಗಿದೆ."

"ಅದರಲ್ಲಿ ಎಂತ ಇದೆ?"

"ನಾನು ತಪ್ಪು ಅಳೆದಿದ್ರೆ ಒಂದು ಸಲ ಆಚೆ, ಒಂದು ಸಲ ಈಚೆ ಆಗ್ಬೇಕಿತ್ತು ಅಲ್ದಾ? ಇದು ಎಲ್ಲ ಒಂದೇ ಕಡೆಗೆ. ಯಾರೋ ನಿಜವಾಗ್ಲೂ ಜರುಗ್ತಾ ಇದ್ದಾರೆ."

"ಗ್ಯಾಲಕ್ಸಿ ಮೂರು ತಿಂಗಳಲ್ಲಿ ಅಷ್ಟು ಜರುಗುತ್ತಾ?"

"ಇಲ್ಲ." ಅವಳು ಜನವರಿಯ ಅಂಕಿಯಿಂದ ಮಾರ್ಚಿನ ಅಂಕಿಯವರೆಗೆ ಬೆರಳಾಡಿಸಿದಳು. ಆಮೇಲೆ ಗಕ್ಕನೆ ತಿರುಗಿ, "ನಾವಾ ಮೇಡಂ?" ಎಂದಳು.

ನಾವೇ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು ಮೂವತ್ತು ಕಿಲೋಮೀಟರ್ ಓಡುತ್ತಿರುತ್ತದೆ. ಅದರ ಮೇಲೆ ಕೂತ ನಮ್ಮ ಕಹಳೆಯೂ ಓಡುತ್ತಿರುತ್ತದೆ. ಜನವರಿಯಲ್ಲಿ ಆ ಓಟ ಅನಿಲದ ದಿಕ್ಕಿಗೆ ಹೆಚ್ಚುಕಡಿಮೆ ಅಡ್ಡವಾಗಿತ್ತು, ಮಾರ್ಚಿನ ಹೊತ್ತಿಗೆ ಬಹುಪಾಲು ಅದರ ಕಡೆಗೇ ತಿರುಗಿತ್ತು. ಅದನ್ನು ಕಳೆಯಲೆಂದೇ ಲ್ಯಾಪ್‌ಟಾಪಿನಲ್ಲಿ ಒಂದು ಪ್ರೋಗ್ರಾಮ್ ಹಾಕಿಕೊಟ್ಟಿದ್ದೆ. ತೆರೆದು ನೋಡಿದರೆ ತಾರೀಕಿನ ಜಾಗದಲ್ಲಿ ಅವಳು ಮೊದಲ ದಿನ ಹಾಕಿದ್ದೇ ಕೊನೆಯವರೆಗೂ ಉಳಿದಿತ್ತು. ಒಂದೊಂದಕ್ಕೂ ಅದರದರ ತಾರೀಕು ಹಾಕಿದಂತೆ, ದೂರ ದೂರ ನಿಂತಿದ್ದ ಅಂಕಿಗಳು ಹತ್ತಿರ ಬರತೊಡಗಿದವು. ಪೂರ್ತಿ ಒಂದರ ಮೇಲೊಂದು ಕೂರಲಿಲ್ಲ, ತಗಡಿನ ಕಹಳೆಗೆ ತಕ್ಕಷ್ಟು ಆಚೀಚೆ ಇದ್ದವು, ಆದರೆ ಒಂದೇ ಸಾಲಿಗೆ ಬಂದವು. ಅವಳು ತಪ್ಪೆಂದು ಬಿಟ್ಟಿದ್ದ ಅಂಕಿಗಳಲ್ಲಿ ಭೂಮಿಯ ಓಟ ಸಿಕ್ಕಿಬಿದ್ದಿತ್ತು. "ನಾವು ಓಡಿದ್ದನ್ನ ನಾನೇ ಅಳೆದಿದೀನಾ ಮೇಡಂ?" ಎಂದು ಅವಳು ಮೂರು ಸಲ ಕೇಳಿದಳು. ನನಗೆ ಅವತ್ತು ಆದ ಸಂತೋಷ ಇಡೀ ಸರ್ವೀಸಿನಲ್ಲಿ ಇನ್ನೊಂದು ಸಲ ಆಗಿಲ್ಲ.

ಎಲ್ಲ ದಿಕ್ಕುಗಳನ್ನೂ ಹೀಗೆ ಸರಿಪಡಿಸಿ ಹೊಸ ಗ್ರಾಫ್ ಹಾಕಿದಳು. ಗೆರೆ ಇಳಿಯಲಿಲ್ಲ, ಸಣ್ಣ ಸಣ್ಣ ಏರುಪೇರಿನೊಂದಿಗೆ ಮಟ್ಟಸವಾಗಿಯೇ ಸಾಗಿತು. ಒಂದೇ ಒಂದು ಬಿಂದು ಮಾತ್ರ ಯಾವ ಸರಿಪಡಿಕೆಗೂ ಬಗ್ಗದೆ ಗೆರೆಯಿಂದ ಸಾಕಷ್ಟು ಮೇಲೆ ಕೂತಿತ್ತು. ತಾರೀಕು ನೋಡಿದೆವು, ದಿಕ್ಕು ನೋಡಿದೆವು, ಬೇಲಿಯ ಬಳ್ಳಿಯನ್ನೂ ಹೋಗಿ ನೋಡಿ ಬಂದೆವು. ಕಾರಣ ಸಿಗಲಿಲ್ಲ.

"ಇದನ್ನ ಎಂತ ಮಾಡೋದು ಮೇಡಂ?"

"ಅಳೆದವಳು ನೀನು, ನೀನೇ ಹೇಳು" ಎಂದೆ. ಅವಳು ಗ್ರಾಫ್ ಮಡಚಿಕೊಂಡು ಹೋದಳು. ಆ ಬಿಂದುವನ್ನು ಉಳಿಸುತ್ತಾಳೋ ಅಳಿಸುತ್ತಾಳೋ ನನಗೆ ಆಗ ತಿಳಿದಿರಲಿಲ್ಲ. ಕೇಳಬಾರದು ಎಂದು ನಾಲಗೆ ಕಚ್ಚಿ ಹಿಡಿದೆ. ಕಲಿಸುವ ಕೆಲಸದಲ್ಲಿ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ ಎಂಬುದು ನಿಮಗೆ ಬೇಗನೆ ಗೊತ್ತಾಗುತ್ತದೆ.

ವೈವಾಗೆ ಪರೀಕ್ಷಕರಾಗಿ ಬೇರೆ ಜಿಲ್ಲೆಯಿಂದ ಒಬ್ಬ ಹಿರಿಯ ಮೇಷ್ಟ್ರು ಬಂದಿದ್ದರು. ಗಂಟು ಮುಖ, ಚುಟುಕು ಪ್ರಶ್ನೆ. ಪವಿತ್ರಳ ತಂದೆಯೂ ಅರ್ಧ ದಿನ ರಜೆ ಹಾಕಿ ಬಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲ್ಯಾಬಿನ ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ಕಾಫಿ ತರಿಸಿದರೂ, "ಬೇಡ ಮೇಡಂ, ಒಳಗೆ ಮುಗೀಲಿ" ಎಂದರು.

ಪವಿತ್ರ ಗ್ರಾಫ್ ಬಿಡಿಸಿ ಇಟ್ಟಳು. ಆ ಬಿಂದು ಅಲ್ಲೇ ಇತ್ತು. ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಸಣ್ಣ ವೃತ್ತ ಬೇರೆ ಹಾಕಿದ್ದಳು. ಮೇಷ್ಟ್ರು ಗೆರೆ ಯಾಕೆ ಇಳಿಯಲಿಲ್ಲ ಎಂದು ಕೇಳಿದರು, ಹೇಳಿದಳು. ಕಾಣದ ದ್ರವ್ಯ ನಿನ್ನ ಗ್ರಾಫಿನಿಂದಲೇ ಸಾಬೀತಾಯಿತಾ ಎಂದು ಕೇಳಿದರು. "ಇಲ್ಲ ಸಾರ್. ಬೆಳಕಿನ ಹಾಗೆ ತೂಕ ಎಲ್ಲ ನಡುವೆನೇ ಇಲ್ಲ ಅಂತ ಇದು ತೋರಿಸುತ್ತೆ. ಇನ್ನೂ ಆಚೆ ಅಳೆದವ್ರ ಗೆರೆನೂ ಇಳೀಲಿಲ್ಲ, ಅದು ಜಾಸ್ತಿ ಗಟ್ಟಿ ಸಾಕ್ಷಿ" ಎಂದಳು. ಮೇಷ್ಟ್ರು ಪೆನ್ನಿನ ತುದಿಯನ್ನು ಆ ವೃತ್ತದ ಮೇಲಿಟ್ಟರು.

"ಇದೇನಮ್ಮ?"

"ಅದು ಬಾಕಿಯವುಗಳ ಜೊತೆ ಸೇರ್ತಿಲ್ಲ ಸಾರ್."

"ಕಾಣುತ್ತೆ. ಯಾಕೆ ಸೇರ್ತಿಲ್ಲ?"

"ಹುಡುಕಿದ್ವಿ ಸಾರ್. ಗೊತ್ತಾಗ್ಲಿಲ್ಲ."

"ತೆಗೆದುಬಿಟ್ಟಿದ್ರೆ ಗ್ರಾಫ್ ಚೆನ್ನಾಗಿ ಕಾಣ್ತಿತ್ತು."

"ಕಾಣ್ತಿತ್ತು ಸಾರ್." ಅವಳ ದನಿ ನಡುಗಿತು, ಆದರೆ ತಗ್ಗಲಿಲ್ಲ. "ಆದ್ರೆ ನಾನು ಅಳೆದಾಗ ಅಷ್ಟೇ ಬಂದಿತ್ತು."

ಮೇಷ್ಟ್ರು ಅವಳನ್ನು ಒಮ್ಮೆ ನೋಡಿದರು, ಗ್ರಾಫನ್ನು ಒಮ್ಮೆ ನೋಡಿದರು. "ಇರ್ಲಿ ಹಾಗೇ. ಮುಂದೆ ಯಾವತ್ತಾದ್ರೂ ಕಾರಣ ಸಿಕ್ಕಿದ್ರೆ ನನಗೂ ತಿಳಿಸಮ್ಮ" ಎಂದು ಗ್ರಾಫನ್ನು ಜೋಪಾನವಾಗಿ ಮಡಚಿ ಅವಳ ಕೈಗೇ ಕೊಟ್ಟರು.

ಅವಳು ಹೊರಗೆ ಬಂದಳು. ನಾನು ಬಾಗಿಲವರೆಗೆ ಹೋಗಿ ಅಲ್ಲೇ ನಿಂತೆ. ಪುಟ್ಟಸ್ವಾಮಿಯವರು ಎದ್ದು ನಿಂತಿದ್ದರು.

"ಎಂತ ಕೇಳಿದ್ರು ಮಗಾ?"

"ಒಂದು ರೀಡಿಂಗ್ ಬಾಕಿದ್ರ ಹಾಗೆ ಇರ್ಲಿಲ್ಲ ಅಪ್ಪ. ಯಾಕೆ ಅಂದ್ರು. ಗೊತ್ತಿಲ್ಲ, ಆದ್ರೆ ಬಂದಿದ್ದು ಅಷ್ಟೇ ಅಂದೆ."

ಅವರ ಮುಖ ಸಣ್ಣದಾಯಿತು. "ಎಲ್ಲರ ಎದುರಿಗಾ? ನಗಾಡಿದ್ರಾ?"

"ಇಲ್ಲಪ್ಪ. ನಂಬಿದ್ರು."

ಪುಟ್ಟಸ್ವಾಮಿಯವರು ಮಗಳ ಮುಖವನ್ನೇ ನೋಡುತ್ತ ನಿಂತರು. "ನಂಬಿದ್ರಾ?" ಎಂದು ಇನ್ನೊಮ್ಮೆ ಕೇಳಿದರು. ಅವಳು ಹೂಂಗುಟ್ಟಿದಳು. ಅವರು ನನ್ನ ಕಡೆ ತಿರುಗಿ ಕೈಮುಗಿದರು. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು, ಮಗಳ ಬ್ಯಾಗನ್ನು ತಾವೇ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡರು.